ಎಡಮುರಿ ಬೆಳಕು, ಬಲಮುರಿ ಬೆಳಕು

ಕೆಲವು ದಿನಗಳ ಹಿಂದೆ ನಮ್ಮ ವಾಚನಾಲಯಕ್ಕೆ ನಿತ್ಯ ಬರುವ ಬಂಧುಗಳೊಬ್ಬರು ಎರಡು ಮಾತ್ರೆಯ ಪಟ್ಟಿಗಳನ್ನು ತಂದು ಮೇಜಿನ ಮೇಲಿಟ್ಟರು. ಹಳೆಯ ಪಟ್ಟಿಯ ಮೇಲೆ ‘ಸೆಟಿರಿಜಿನ್ ೧೦ ಮಿಲಿಗ್ರಾಂ’ ಎಂದಿತ್ತು. ಹೊಸದರ ಮೇಲೆ ‘ಲೀವೋಸೆಟಿರಿಜಿನ್ ೫ ಮಿಲಿಗ್ರಾಂ’ ಎಂದಿತ್ತು. ಎರಡೂ ಸೀನು, ನೆಗಡಿ, ಮೈತುರಿಕೆಗಳಿಗೆ ಕೊಡುವ ಮಾತ್ರೆಗಳೇ. ಹೆಸರು ಉದ್ದವಾಗಿ ಔಷಧ ಅರ್ಧವಾದದ್ದನ್ನು ಕಂಡು, ಅಂಗಡಿಯವನು ಮೋಸ ಮಾಡಿದನೆಂದೇ ತಿಳಿದು, ಅವರು ಒಂದರ ಬದಲು ಎರಡೆರಡು ಮಾತ್ರೆ ನುಂಗುತ್ತಿದ್ದರು. ರಾತ್ರಿ ಪಾಳಿಯಲ್ಲಿ ಯಂತ್ರದ ಮುಂದೆ ನಿಂತರೆ ಕಣ್ಣು ಎಳೆದುಕೊಂಡು ಹೋಗುತ್ತದೆ ಎಂಬುದು ಅವರ ದೂರು.

ಓಡುವ ಯಂತ್ರದ ಮುಂದೆ ತೂಕಡಿಕೆ ಎಂದರೆ ಏನೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರನ್ನು ಅಂದೇ ಸಂಜೆ ಡಾಕ್ಟರರ ಬಳಿಗೆ ಕಳಿಸಿದೆವು. ‘ಒಂದೇ ಸಾಕು, ಈ ಐದು ಮಿಲಿಗ್ರಾಂ ಮೊದಲಿನ ಹತ್ತಕ್ಕೆ ಸಮ’ ಎಂದು ಡಾಕ್ಟರು ಹೇಳಿ ಕಳಿಸಿದರು. ಅವರ ನಿದ್ದೆಯ ತೊಂದರೆ ಅಲ್ಲಿಗೆ ಮುಗಿಯಿತು. ನಮ್ಮ ಪ್ರಶ್ನೆ ಮಾತ್ರ ಉಳಿಯಿತು. ಐದು ಹತ್ತಕ್ಕೆ ಸಮವಾಗುವ ಈ ಲೆಕ್ಕ ಯಾವುದು? ‘ಲೀವೋ’ ಎಂಬ ಎರಡಕ್ಷರಕ್ಕೆ ಅರ್ಥವೇನು?

ಹುಡುಕಿದಾಗ ತಿಳಿದದ್ದು ಇಷ್ಟು: ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ‘ಎಡ’ ಎಂದರ್ಥ. ಯಾವುದೋ ಪ್ರಯೋಗಶಾಲೆಯಲ್ಲಿ ಆ ಔಷಧದ ದ್ರಾವಣದ ಮೂಲಕ ಬೆಳಕನ್ನು ಹಾಯಿಸಿ ಅಳೆದಾಗ, ಅಳತೆ ಎಡಕ್ಕೆ ಬಂತು ಎಂಬುದರ ದಾಖಲೆ ಅದು. ಆ ಅಳತೆಯ ಉಪಕರಣಗಳ ವಿಷಯವಾಗಿ ನಾವು ಓದಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇವೆ.

ಎಡ ಹುರಿ, ಬಲ ಹುರಿ

ಗಿರಣಿಯಲ್ಲಿ ಕೆಲಸ ಮಾಡುವವರಿಗೆ ನೂಲಿನ ಹುರಿ ಎರಡು ಬಗೆಯೆಂಬುದು ಗೊತ್ತು. ನೂಲನ್ನು ಕಣ್ಣೆದುರು ನೆಟ್ಟಗೆ ಹಿಡಿದರೆ ಅದರ ಎಳೆಗಳು ಇಂಗ್ಲಿಷಿನ ಎಸ್ ಅಕ್ಷರದ ನಡುಗೆರೆಯಂತೆ ಓರೆಯಾಗಿರುತ್ತವೆ, ಇಲ್ಲವೆ ಝಡ್ ಅಕ್ಷರದ ನಡುಗೆರೆಯಂತೆ ಓರೆಯಾಗಿರುತ್ತವೆ. ಎಸ್ ಹುರಿಯ ನೂಲನ್ನು ತಲೆಕೆಳಗು ಮಾಡಿ ನೋಡಿ; ಅದು ಎಸ್ ಆಗಿಯೇ ಉಳಿಯುತ್ತದೆ. ಹಿಂದುಮುಂದು ಮಾಡಿದರೂ ಅಷ್ಟೆ. ಅದು ಝಡ್ ಆಗಿ ಕಾಣುವುದು ಕನ್ನಡಿಯಲ್ಲಿ ಮಾತ್ರ. ಹೀಗೆ ಎಷ್ಟು ತಿರುಗಿಸಿದರೂ ತನ್ನ ಕನ್ನಡಿಯ ಬಿಂಬಕ್ಕೆ ಹೊಂದದ ವಸ್ತುವನ್ನು ಇಂಗ್ಲಿಷಿನಲ್ಲಿ ‘ಕೈರಲ್’ ಎನ್ನುತ್ತಾರೆ. ಇದು ಗ್ರೀಕ್ ಭಾಷೆಯ ‘ಕೈ’ ಎಂಬ ಪದದಿಂದ ಬಂದದ್ದು. ಬಳಕೆಗೆ ತಂದವರು ಲಾರ್ಡ್ ಕೆಲ್ವಿನ್. ನಮ್ಮ ಎರಡು ಕೈಗಳೇ ಇದಕ್ಕೆ ಮೊದಲ ಉದಾಹರಣೆಯಲ್ಲವೆ?

ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಡುಕಬೇಕಾಗಿಲ್ಲ. ಬಲಮುರಿ ಶಂಖ, ಬಲಮುರಿ ಗಣಪತಿ ಎಂಬ ಮಾತು ನಮ್ಮಲ್ಲಿ ಹಿಂದಿನಿಂದಲೂ ಇದೆ. ಶ್ರೀರಂಗಪಟ್ಟಣದ ಸಮೀಪ ಕಾವೇರಿಯ ದಂಡೆಯಲ್ಲಿ ಬಲಮುರಿ, ಎಡಮುರಿ ಎಂಬ ಸ್ಥಳಗಳೇ ಇವೆ. ಆದ್ದರಿಂದ ನಾವೂ ಎಡಮುರಿ, ಬಲಮುರಿ ಎಂದೇ ಕರೆಯೋಣ.

ವಸ್ತುಗಳನ್ನು ಕಟ್ಟಿರುವ ಅಣುಗಳಲ್ಲಿಯೂ ಈ ಭೇದವಿದೆ. ಇಂಗಾಲದ ಒಂದು ಪರಮಾಣುವಿಗೆ ನಾಲ್ಕು ಕಡೆಯೂ ನಾಲ್ಕು ಬೇರೆ ಬೇರೆ ನೆಂಟರು ಅಂಟಿಕೊಂಡರೆ, ಆ ಜೋಡಣೆ ಎರಡು ರೀತಿಯಲ್ಲಿ ಆಗಬಹುದು. ಒಂದು ಮತ್ತೊಂದರ ಕನ್ನಡಿಯ ಬಿಂಬ. ಇದನ್ನು ೧೮೭೪ರಲ್ಲಿ ಹಾಲೆಂಡಿನ ವಾಂಟ್ ಹಾಫ್ ಮತ್ತು ಫ್ರಾನ್ಸಿನ ಲ ಬೆಲ್ ಇಬ್ಬರೂ ಬೇರೆ ಬೇರೆಯಾಗಿ ಹೇಳಿದರು. ಇಂಥ ಜೋಡಿ ಅಣುಗಳ ತೂಕ ಒಂದೇ, ಕರಗುವ ಉಷ್ಣಾಂಶ ಒಂದೇ. ತಕ್ಕಡಿಗಾಗಲಿ ಒಲೆಗಾಗಲಿ ಅವುಗಳ ಭೇದ ತಿಳಿಯದು.

ಆದರೆ ನಮ್ಮ ಮೂಗಿಗೆ ತಿಳಿಯುತ್ತದೆ! ಕಾರ್ವೋನ್ ಎಂಬ ವಸ್ತುವಿನ ಒಂದು ರೂಪಕ್ಕೆ ಸ್ಪಿಯರ್‌ಮಿಂಟ್ ಜಾತಿಯ ಪುದೀನದ ವಾಸನೆ. ಅದರ ಕನ್ನಡಿ ಬಿಂಬಕ್ಕೆ ಸಬ್ಬಸಿಗೆ ಬೀಜದಲ್ಲಿ ಸಿಗುವ ವಾಸನೆ. ನಮ್ಮ ಶರೀರವೂ ಎಡಮುರಿ ಬಲಮುರಿಗಳಿಂದಲೇ ಕಟ್ಟಿದ್ದಾದ ಕಾರಣ ಹೀಗಾಗುತ್ತದೆ. ಬಲಗಾಲಿನ ಚಪ್ಪಲಿಗೆ ಎಡಗಾಲು ತೂರಿಸಿದರೆ ತಾನೇ ಗೊತ್ತಾಗುವುದು?

ಬೆಳಕಿಗೂ ಮುರಿ ಉಂಟು

ಅಣುವಿನ ಮುರಿಯನ್ನು ಅಳೆಯಬೇಕಾದರೆ ಅಳತೆಗೋಲಿಗೂ ಮುರಿ ಇರಬೇಕು. ಅಂಥ ಅಳತೆಗೋಲು ಬೆಳಕು.

ಒಂದು ಹಗ್ಗವನ್ನು ಕಿಟಕಿಗೆ ಕಟ್ಟಿ ಇನ್ನೊಂದು ತುದಿಯನ್ನು ಮೇಲೆ ಕೆಳಗೆ ಅಲ್ಲಾಡಿಸಿದರೆ ಅಲೆ ಒಂದೇ ಸಮತಲದಲ್ಲಿ ಓಡುತ್ತದೆ. ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ಅಲೆ ಅಡ್ಡ ಸಮತಲದಲ್ಲಿ ಓಡುತ್ತದೆ. ಬೆಳಕೂ ಇಂಥ ಒಂದು ಅಲೆ. ದೀಪದಿಂದ ಹೊರಟಾಗ ಅದು ಎಲ್ಲ ಸಮತಲಗಳಲ್ಲಿಯೂ ಅಲ್ಲಾಡುತ್ತಿರುತ್ತದೆ. ಅದನ್ನು ಒಂದೇ ಸಮತಲಕ್ಕೆ ತಂದರೆ ‘ಧ್ರುವೀಕೃತ ಬೆಳಕು’ ಎನ್ನುತ್ತಾರೆ. ಕಿಟಕಿಯ ನೆಟ್ಟನೆಯ ಸರಳುಗಳ ನಡುವೆ ಹಾಯುವ ಹಗ್ಗ ಮೇಲೆ ಕೆಳಗೆ ಮಾತ್ರ ಅಲ್ಲಾಡಬಲ್ಲದಷ್ಟೆ. ಪೋಲರಾಯ್ಡ್ ಹಾಳೆ ಬೆಳಕಿಗೆ ಇಂಥ ಸರಳಿನ ಕೆಲಸ ಮಾಡುತ್ತದೆ. ಇಂಥ ಎರಡು ಹಾಳೆಗಳನ್ನು ಒಂದಕ್ಕೊಂದು ಅಡ್ಡಡ್ಡವಾಗಿ ಹಿಡಿದರೆ ಬೆಳಕೇ ಹಾಯದೆ ಕತ್ತಲಾಗುತ್ತದೆ.

ಇನ್ನು ಹಗ್ಗದ ತುದಿಯನ್ನು ಗಿರಗಿರನೆ ಸುತ್ತಿಸಿ. ಆಗ ಅಲೆ ತಿರುಪಿನ ಆಕಾರದಲ್ಲಿ ಸುರುಳಿಯಾಗಿ ಓಡುತ್ತದೆ. ಬೆಳಕು ಹೀಗೆ ಓಡಿದರೆ ಅದು ವರ್ತುಲ ಧ್ರುವೀಕೃತ ಬೆಳಕು. ಸುತ್ತಿಸಿದ ದಿಕ್ಕಿನಂತೆ ಅದು ಎಡಮುರಿ, ಇಲ್ಲವೆ ಬಲಮುರಿ. ಈ ಬಗೆಯ ಬೆಳಕನ್ನು ಮೊದಲು ವಿವರಿಸಿದವನು ಫ್ರಾನ್ಸಿನ ಫ್ರೆನೆಲ್, ೧೮೨೦ರ ದಶಕದಲ್ಲಿ.

ಸಕ್ಕರೆ ಅಳೆಯುವ ಕೊಳವೆ

ಅಡ್ಡಡ್ಡ ಹಿಡಿದ ಎರಡು ಧ್ರುವಕಗಳ ನಡುವಿನ ಕತ್ತಲಿಗೆ ಸ್ಫಟಿಕ ಶಿಲೆಯ ತುಂಡೊಂದನ್ನಿಟ್ಟರೆ ಮತ್ತೆ ಬೆಳಕು ಕಾಣುತ್ತದೆ. ಕಲ್ಲು ಬೆಳಕಿನ ಸಮತಲವನ್ನೇ ತಿರುಗಿಸಿಬಿಡುವುದೇ ಇದಕ್ಕೆ ಕಾರಣ. ಇದನ್ನು ೧೮೧೧ರಲ್ಲಿ ಕಂಡವನು ಅರಾಗೋ. ೧೮೧೫ರಲ್ಲಿ ಬಿಯೋ ಎಂಬ ಪಂಡಿತ ಟರ್ಪೆಂಟೈನ್ ಎಣ್ಣೆ, ಸಕ್ಕರೆ ನೀರು ಮೊದಲಾದ ದ್ರವಗಳಲ್ಲಿಯೂ ಇದನ್ನೇ ಕಂಡನು. ದ್ರವದಲ್ಲಿ ಅಣುಗಳು ಅಡ್ಡಾದಿಡ್ಡಿಯಾಗಿ ಈಜುತ್ತಿರುತ್ತವೆ. ಆದರೂ ಬೆಳಕು ತಿರುಗಬೇಕಾದರೆ ಆ ಗುಣ ಒಂದೊಂದು ಅಣುವಿನ ಒಳಗೇ ಇರಬೇಕು. ನೂಲನ್ನು ತಲೆಕೆಳಗು ಮಾಡಿದರೂ ಹುರಿ ಬದಲಾಗದ ಹಾಗೆ.

ಇದೇ ತತ್ತ್ವದ ಮೇಲೆ ಪೋಲಾರಿಮೀಟರ್ ಎಂಬ ಉಪಕರಣ ಹುಟ್ಟಿತು. ಅದರ ರಚನೆ ಸರಳ. ಒಂದು ತುದಿಯಲ್ಲಿ ಹಳದಿ ಬೆಳಕಿನ ಸೋಡಿಯಂ ದೀಪ. ಅದರ ಮುಂದೆ ಕದಲದ ಒಂದು ಧ್ರುವಕ. ನಡುವೆ ದ್ರಾವಣ ತುಂಬುವ ಗಾಜಿನ ಕೊಳವೆ. ಕೊನೆಗೆ ಡಿಗ್ರಿ ಗುರುತುಗಳಿರುವ ಚಕ್ರದ ಮೇಲೆ ತಿರುಗುವ ಇನ್ನೊಂದು ಧ್ರುವಕ ಮತ್ತು ಕಣ್ಣಿಡುವ ಕಿಂಡಿ. ಕೊಳವೆ ಬರಿದಾಗಿದ್ದಾಗ ಕತ್ತಲಾಗುವ ಸ್ಥಾನವನ್ನು ಗುರುತು ಹಾಕಿಕೊಳ್ಳುವುದು. ದ್ರಾವಣ ತುಂಬಿದ ಮೇಲೆ ಮತ್ತೆ ಕತ್ತಲಾಗುವವರೆಗೆ ಚಕ್ರವನ್ನು ತಿರುಗಿಸುವುದು. ಎಷ್ಟು ಡಿಗ್ರಿ ತಿರುಗಿತು, ಎಡಕ್ಕೋ ಬಲಕ್ಕೋ ಎಂದು ಬರೆದುಕೊಳ್ಳುವುದು. ಈಗಿನ ಉಪಕರಣಗಳಲ್ಲಿ ಕಣ್ಣಿನ ಬದಲು ವಿದ್ಯುತ್ ಕಣ್ಣು ಈ ಕೆಲಸ ಮಾಡುತ್ತದೆ. ತತ್ತ್ವ ಮಾತ್ರ ಅದೇ.

ಲೆಕ್ಕವೂ ಕಠಿಣವಲ್ಲ. ಒಂದು ಮಿಲಿಲೀಟರಿಗೆ ೧ ಗ್ರಾಂ ಪ್ರಮಾಣದ ಸಕ್ಕರೆ ೧೦ ಸೆಂಟಿಮೀಟರ್ ಉದ್ದದ ಹಾದಿಯಲ್ಲಿ ಬೆಳಕನ್ನು ಬಲಕ್ಕೆ ೬೬.೫ ಡಿಗ್ರಿ ತಿರುಗಿಸುತ್ತದೆಂದು ಇಟ್ಟುಕೊಳ್ಳುವುದು. ಸಕ್ಕರೆ ಅರ್ಧವಾದರೆ ಡಿಗ್ರಿಯೂ ಅರ್ಧ. ಕೊಳವೆ ಇಮ್ಮಡಿಯಾದರೆ ಡಿಗ್ರಿಯೂ ಇಮ್ಮಡಿ. ೧೦೦ ಮಿಲಿಲೀಟರಿನಲ್ಲಿ ೧೦ ಗ್ರಾಂ ಸಕ್ಕರೆ ಕರಗಿಸಿ ೨೦ ಸೆಂಟಿಮೀಟರ್ ಕೊಳವೆಯಲ್ಲಿಟ್ಟರೆ ೧೩.೩ ಡಿಗ್ರಿ ಬರಬೇಕು. ಕಡಿಮೆ ಬಂದರೆ, ಕರಗಿಸಿದ್ದೆಲ್ಲ ಸಕ್ಕರೆಯಲ್ಲ ಎಂದು ತಿಳಿಯಬಹುದು. ಸಕ್ಕರೆ ಕಾರ್ಖಾನೆಗಳಲ್ಲಿ ೨೬ ಗ್ರಾಂ ತೂಕವನ್ನು ಗೊತ್ತು ಮಾಡಿಕೊಂಡು, ಶುದ್ಧ ಸಕ್ಕರೆಗೆ ನೇರವಾಗಿ ೧೦೦ ಎಂದು ತೋರುವ ಹಾಗೆ ಅಂಕಿ ಬರೆದಿರುತ್ತಾರೆ. ಕಾರ್ಖಾನೆಯವರು ‘ಪೋಲ್’ ಎನ್ನುವುದು ಈ ಅಂಕಿಯನ್ನೇ.

ಮಂಡ್ಯದಲ್ಲಿ ೧೯೩೩ರಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಬೆಳಗಾವಿ, ಬಾಗಲಕೋಟೆ ಕಡೆಯಿಂದ ಬಂದ ನಮ್ಮ ಬಂಧುಗಳ ಊರುಗಳಲ್ಲಿಯೂ ಕಾರ್ಖಾನೆಗಳುಂಟು. ಅಲ್ಲಿಯ ಪ್ರಯೋಗಶಾಲೆಗಳಲ್ಲಿ ಕಬ್ಬಿನ ಹಾಲನ್ನು ಈ ಕೊಳವೆಯಲ್ಲಿಟ್ಟು ನೋಡುತ್ತಾರೆ. ಕಡಿದ ಕಬ್ಬು ದಿನಗಟ್ಟಲೆ ಬಿಸಿಲಿನಲ್ಲಿ ಗಾಡಿಯ ಮೇಲೆಯೇ ನಿಂತರೆ ಸಕ್ಕರೆ ಒಡೆದು ಗ್ಲುಕೋಸ್, ಫ್ರಕ್ಟೋಸ್ ಎಂಬ ಎರಡು ಸಕ್ಕರೆಗಳಾಗುತ್ತದೆ. ಗ್ಲುಕೋಸ್ ಬಲಕ್ಕೆ ತಿರುಗಿಸುತ್ತದೆ. ಫ್ರಕ್ಟೋಸ್ ಅದಕ್ಕಿಂತ ಜೋರಾಗಿ ಎಡಕ್ಕೆ ತಿರುಗಿಸುತ್ತದೆ. ಪೂರ್ತಿ ಒಡೆದ ಸಕ್ಕರೆ ಬಲಕ್ಕೆ ೬೬ ಡಿಗ್ರಿಯ ಬದಲು ಎಡಕ್ಕೆ ಸುಮಾರು ೨೦ ಡಿಗ್ರಿ ತೋರುತ್ತದೆ. ಹೀಗೆ ಒಡೆದ ಸಕ್ಕರೆ ಹರಳುಗಟ್ಟುವುದಿಲ್ಲ. ಕಾಕಂಬಿಗೆ ಸೇರಿ ಹೋಗುತ್ತದೆ. ಎಫ್.ಆರ್.ಪಿ. ಎಂದು ಕರೆಯುವ ಕಬ್ಬಿನ ಬೆಲೆ ಸಕ್ಕರೆ ಇಳುವರಿಗೆ ಜೋಡಣೆಯಾಗಿರುವಾಗ, ಕಬ್ಬು ಕಾರ್ಖಾನೆಯ ಬಾಗಿಲಲ್ಲಿ ಕಾಯುವ ಪ್ರತಿಯೊಂದು ದಿನವೂ ನಷ್ಟದ ದಿನವೇ ಸರಿ.

ಪಾಶ್ಚರನ ಚಿಮುಟ

ಎಡ ಬಲಗಳ ಜೋಡಿಯನ್ನು ಮೊದಲು ಕಣ್ಣಾರೆ ಬೇರ್ಪಡಿಸಿದವನು ಲೂಯಿ ಪಾಶ್ಚರ್. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದ ಮಹನೀಯನೇ ಈತ; ಆದರೆ ೧೮೪೮ರಲ್ಲಿ ಇನ್ನೂ ೨೫ ವರ್ಷದ ತರುಣ. ದ್ರಾಕ್ಷಾರಸದ ಪೀಪಾಯಿಗಳಲ್ಲಿ ಸಿಗುವ ಟಾರ್ಟಾರಿಕ್ ಆಮ್ಲ ಬೆಳಕನ್ನು ಬಲಕ್ಕೆ ತಿರುಗಿಸುತ್ತಿತ್ತು. ಅದೇ ಪರಮಾಣುಗಳಿಂದ ಕೂಡಿದ ಇನ್ನೊಂದು ಆಮ್ಲ ಮಾತ್ರ ಬೆಳಕನ್ನು ಕದಲಿಸುತ್ತಲೇ ಇರಲಿಲ್ಲ. ಪಾಶ್ಚರನು ಈ ಎರಡನೆಯದರ ಲವಣವನ್ನು ಹರಳುಗಟ್ಟಿಸಿ ಭೂತಗನ್ನಡಿಯಲ್ಲಿ ನೋಡಿದಾಗ ಹರಳುಗಳು ಎರಡು ಬಗೆಯಾಗಿದ್ದವು: ಒಂದರ ಓರೆ ಮುಖ ಎಡಕ್ಕೆ, ಇನ್ನೊಂದರದು ಬಲಕ್ಕೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಚಿಮುಟದಿಂದ ಅವನ್ನು ಆರಿಸಿ ಎರಡು ಗುಡ್ಡೆ ಮಾಡಿದನು. ಒಂದು ಗುಡ್ಡೆಯ ದ್ರಾವಣ ಬೆಳಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಅಷ್ಟೇ ಎಡಕ್ಕೆ ತಿರುಗಿಸಿತು. ಸಮಸಮವಾಗಿ ಬೆರೆಸಿದಾಗ ಮತ್ತೆ ಸೊನ್ನೆ.

ಮುದುಕ ಬಿಯೋ ಇದನ್ನು ಸುಲಭವಾಗಿ ನಂಬಲಿಲ್ಲ. ತರುಣನನ್ನು ಕರೆಸಿ, ತನ್ನದೇ ಸಾಮಗ್ರಿ ಕೊಟ್ಟು, ತನ್ನೆದುರಿಗೆ ಮತ್ತೆ ಮಾಡಿಸಿದನು. ಕೊಳವೆಯಲ್ಲಿ ಬೆಳಕು ತಿರುಗಿದ್ದನ್ನು ತಾನೇ ಕಂಡ ಮೇಲೆ ಮನಸ್ಸು ತುಂಬಿ ಒಪ್ಪಿಕೊಂಡನು. ಈ ಲವಣದ ಹರಳುಗಳು ಎಡಬಲವಾಗಿ ಬೇರೆಯಾಗುವುದು ಸುಮಾರು ೨೭ ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾಗಿದ್ದಾಗ ಮಾತ್ರ. ನಮ್ಮೂರ ಬೇಸಿಗೆಯಲ್ಲಿ ಮಾಡಿದ್ದರೆ ಪಾಶ್ಚರನಿಗೂ ಏನೂ ಸಿಗುತ್ತಿರಲಿಲ್ಲ!

ಪ್ರದಕ್ಷಿಣೆಯ ಲೆಕ್ಕ

ಅಣು ಬೆಳಕಿನ ಸಮತಲವನ್ನು ತಿರುಗಿಸುವುದಾದರೂ ಹೇಗೆ? ಫ್ರೆನೆಲನು ಕೊಟ್ಟ ಉತ್ತರವನ್ನು ನಮ್ಮ ರೀತಿಯಲ್ಲಿ ಹೇಳುತ್ತೇವೆ. ವೃತ್ತಾಕಾರದ ಗುಡಿಯ ಸುತ್ತ ಒಬ್ಬರು ಪ್ರದಕ್ಷಿಣೆಯಾಗಿ, ಒಬ್ಬರು ಅಪ್ರದಕ್ಷಿಣೆಯಾಗಿ ಒಂದೇ ವೇಗದಲ್ಲಿ ಮುಂಬಾಗಿಲಿನಿಂದ ಹೊರಟರೆ, ಪ್ರತಿ ಸಲವೂ ಹಿಂಬಾಗಿಲಿನಲ್ಲಿ ಒಮ್ಮೆ, ಮುಂಬಾಗಿಲಿನಲ್ಲಿ ಒಮ್ಮೆ ಎದುರಾಗುತ್ತಾರೆ. ಈ ಎರಡು ಜಾಗಗಳನ್ನು ಕೂಡಿಸುವ ಗೆರೆಯೇ ಸಮತಲ ಧ್ರುವೀಕೃತ ಬೆಳಕು. ಆ ಇಬ್ಬರೇ ಬಲಮುರಿ ಎಡಮುರಿ ಬೆಳಕುಗಳು. ಎಂದರೆ, ಸಮತಲದ ಬೆಳಕು ಎರಡು ಮುರಿಗಳ ಸಮಪಾಲಿನ ಕೂಡಿಕೆ. ಈಗ ಇಬ್ಬರಲ್ಲೊಬ್ಬರು ಬಾವಿಕಟ್ಟೆಯ ಬಳಿ ಒಂದಿಷ್ಟು ಹೊತ್ತು ತಡೆದರೆನ್ನಿ. ಆಮೇಲೆ ಮೊದಲಿನ ವೇಗದಲ್ಲಿಯೇ ನಡೆದರೂ ಅವರು ಎದುರಾಗುವ ಜಾಗಗಳು ಬಾಗಿಲಿನಿಂದ ಸರಿದುಹೋಗುತ್ತವೆ, ಗೆರೆ ಓರೆಯಾಗುತ್ತದೆ. ಸಕ್ಕರೆ ನೀರು ಒಂದು ಮುರಿಯ ಬೆಳಕನ್ನು ಇನ್ನೊಂದಕ್ಕಿಂತ ತುಸು ಹೆಚ್ಚು ತಡೆಯುತ್ತದೆ. ಬೆಳಕು ತಿರುಗುವುದರ ಗುಟ್ಟು ಇಷ್ಟೆ.

ತಡೆಯುವುದಲ್ಲದೆ, ಕೆಲವು ಬಣ್ಣಗಳಲ್ಲಿ ಅಣು ಒಂದು ಮುರಿಯ ಬೆಳಕನ್ನು ಹೆಚ್ಚಾಗಿ ಹೀರಿಯೂ ಬಿಡುತ್ತದೆ. ಇದನ್ನು ದ್ರಾವಣಗಳಲ್ಲಿ ೧೮೯೫ರಲ್ಲಿ ತೋರಿಸಿದವನು ಫ್ರಾನ್ಸಿನ ಏಮೆ ಕೊತ್ತೋನ್. ಇಂಗ್ಲಿಷಿನಲ್ಲಿ ಇದಕ್ಕೆ ‘ಸರ್ಕ್ಯುಲರ್ ಡೈಕ್ರೋಯಿಸಂ’ ಎಂದು ಹೆಸರು. ನಾವು ಮುರಿಭೇದ ಹೀರಿಕೆ ಎನ್ನೋಣ. ಅಣುವಿನ ಒಳಗಿನ ಆಕಾರದ ಬಗ್ಗೆ ಇದು ಬರಿಯ ತಿರುಗುವಿಕೆಗಿಂತ ಹೆಚ್ಚು ಸುದ್ದಿ ಕೊಡುತ್ತದೆ.

ಸೆಕೆಂಡಿಗೆ ಐವತ್ತು ಸಾವಿರ ಸಲ

ಆದರೆ ಅಳೆಯುವುದು ಸುಲಭವಲ್ಲ. ಎಡ ಬಲಗಳ ಹೀರಿಕೆಯ ವ್ಯತ್ಯಾಸ ಸಾಮಾನ್ಯವಾಗಿ ಒಟ್ಟು ಹೀರಿಕೆಯ ಸಾವಿರದಲ್ಲೊಂದು ಪಾಲು, ಅಥವಾ ಇನ್ನೂ ಕಡಿಮೆ. ಪ್ರಯಾಣಿಕನ ಜೇಬಿನಲ್ಲಿರುವ ಕಾಗದದ ತೂಕ ತಿಳಿಯಲು ಬಸ್ಸನ್ನೇ ಎರಡು ಸಲ ತೂಗಿದರೆ ಹೇಗೋ ಹಾಗೆ. ಮೊದಲು ಎಡ ಬೆಳಕಿನಿಂದ ಅಳೆದು, ಸಾವಕಾಶವಾಗಿ ಬಲ ಬೆಳಕಿನಿಂದ ಅಳೆದರೆ, ಅಷ್ಟರಲ್ಲಿ ದೀಪವೇ ಅದಕ್ಕಿಂತ ಹೆಚ್ಚು ಮಿನುಗಿರುತ್ತದೆ.

ಉಪಾಯ ಒಂದೇ: ದೀಪ ಬದಲಾಗಲು ಸಮಯ ಕೊಡದ ಹಾಗೆ, ಎಡ ಬಲ ಎಡ ಬಲ ಎಂದು ಅತಿ ವೇಗವಾಗಿ ಬದಲಾಯಿಸುತ್ತಿರುವುದು. ಫ್ರಾನ್ಸಿನ ಗ್ರೋಜಾನ್ ಮತ್ತು ಲೆಗ್ರಾನ್ ಎಂಬವರು ೧೯೬೦ರಲ್ಲಿ ವಿದ್ಯುತ್ತಿನಿಂದ ಹೀಗೆ ಬದಲಾಗುವ ಹರಳನ್ನಿಟ್ಟು ಇಂಥ ಯಂತ್ರವನ್ನು ಮಾಡಿದರು. ಈಗಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಸ್ಫಟಿಕ ಗಾಜಿನ ಒಂದು ಬಿಲ್ಲೆ ಇರುತ್ತದೆ. ಅದನ್ನು ಸೆಕೆಂಡಿಗೆ ಸುಮಾರು ೫೦,೦೦೦ ಸಲ ಹಿಸುಕಿ ಬಿಡುತ್ತಾರೆ. ಹಿಸುಕಿದಾಗ ಒಂದು ಮುರಿ, ಹಿಗ್ಗಿದಾಗ ಇನ್ನೊಂದು ಮುರಿ.

ಯಂತ್ರದ ಕ್ರಮ ಹೀಗೆ: ಕ್ಸೆನಾನ್ ದೀಪದ ಬೆಳಕಿನಿಂದ ಒಂದೊಂದೇ ಬಣ್ಣವನ್ನು ಆರಿಸುತ್ತಾರೆ. ಅದನ್ನು ಧ್ರುವಕದ ಮೂಲಕ ಹಾಯಿಸಿ, ಹಿಸುಕುವ ಬಿಲ್ಲೆಗೆ ಕೊಡುತ್ತಾರೆ. ಆ ಬೆಳಕು ದ್ರಾವಣದ ಮೂಲಕ ಹೋಗಿ ವಿದ್ಯುತ್ ಕಣ್ಣಿಗೆ ಬೀಳುತ್ತದೆ. ದ್ರಾವಣಕ್ಕೆ ಮುರಿಭೇದವಿಲ್ಲದಿದ್ದರೆ ಕಣ್ಣಿಗೆ ಬರುವ ಬೆಳಕು ಒಂದೇ ಸಮ. ಭೇದವಿದ್ದರೆ ಬಿಲ್ಲೆಯ ತಾಳಕ್ಕೆ ಸರಿಯಾಗಿ ಬೆಳಕು ಏರಿಳಿಯುತ್ತದೆ. ಆ ತಾಳಕ್ಕೆ ಕೂಡಿದ್ದನ್ನು ಮಾತ್ರ ಎಣಿಸಿ, ತಾಳ ತಪ್ಪಿದ ಗದ್ದಲವನ್ನೆಲ್ಲ ಯಂತ್ರ ಬಿಟ್ಟುಬಿಡುತ್ತದೆ. ಒಳಗಿನ ಗಾಳಿಯ ಆಮ್ಲಜನಕ ಅತಿನೇರಳೆ ಬೆಳಕನ್ನು ನುಂಗುವುದರಿಂದ ಯಂತ್ರದೊಳಗೆ ಸಾರಜನಕವನ್ನು ಹಾಯಿಸುತ್ತಿರುತ್ತಾರೆ. ಅಂಗಡಿಯ ತಕ್ಕಡಿಗೆ ಮುದ್ರೆಯ ಬಟ್ಟಿರುವಂತೆ ಈ ಯಂತ್ರಕ್ಕೂ ಪ್ರಮಾಣದ ವಸ್ತುವೊಂದಿದೆ. ಅದು ಕರ್ಪೂರದಿಂದ ತಯಾರಾಗುವ ಒಂದು ಆಮ್ಲ. ಫಲಿತಾಂಶವನ್ನು ಡಿಗ್ರಿಯ ಸಾವಿರದಲ್ಲೊಂದು ಭಾಗಗಳಲ್ಲಿ ಬರೆಯುತ್ತಾರೆ. ಹೀರಿಕೆಯ ವ್ಯತ್ಯಾಸ ೦.೦೦೦೩ ಇದ್ದರೆ ಅಂಥ ಸುಮಾರು ೧೦ ಭಾಗ.

ಈ ಯಂತ್ರದಿಂದ ಪ್ರೋಟೀನುಗಳ ಮಡಿಕೆ ತಿಳಿಯುತ್ತದೆ. ಪ್ರೋಟೀನಿನ ದಾರ ಬಲಮುರಿ ಸುರುಳಿಯಾಗಿ ಸುತ್ತಿಕೊಂಡಿದ್ದರೆ ೨೦೮ ಮತ್ತು ೨೨೨ ನ್ಯಾನೋಮೀಟರುಗಳಲ್ಲಿ ಎರಡು ತಗ್ಗುಗಳು ಕಾಣುತ್ತವೆ. ಬಿಸಿಮಾಡಿ ಸುರುಳಿ ಬಿಚ್ಚಿಹೋದರೆ ಆ ತಗ್ಗುಗಳೂ ಮಾಯವಾಗುತ್ತವೆ. ಪ್ರೋಟೀನಿನ ಔಷಧಗಳನ್ನು ತಯಾರಿಸುವವರು ಔಷಧ ಸರಿಯಾಗಿ ಮಡಿಸಿಕೊಂಡಿದೆಯೆ ಎಂದು ಈ ರೀತಿ ಪರೀಕ್ಷಿಸುತ್ತಾರೆ.

ಮುರಿ ಬೆಳಕಿನ ವಿದ್ಯೆಯಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. ಸಿ.ವಿ. ರಾಮನ್ನರ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪಂಚರತ್ನಂ ಎಂಬ ತರುಣರು ೧೯೫೫ರಲ್ಲಿ, ಹಲವು ಬಣ್ಣಗಳ ಬೆಳಕನ್ನು ಒಂದೇ ಸಲ ವರ್ತುಲ ಧ್ರುವೀಕೃತವಾಗಿಸುವ ಬಿಲ್ಲೆಗಳ ಜೋಡಣೆಯನ್ನು ತೋರಿಸಿಕೊಟ್ಟರು. ಧ್ರುವೀಕೃತ ಬೆಳಕಿನ ಬಗ್ಗೆ ೧೯೫೬ರಲ್ಲಿ ಅವರು ಬರೆದ ಲೇಖನದ ಮಹತ್ವವನ್ನು ಲೋಕ ಹಲವು ವರ್ಷಗಳ ಮೇಲೆ ಅರಿತುಕೊಂಡಿತು. ಅಷ್ಟರಲ್ಲಿ ಅವರೇ ಇರಲಿಲ್ಲ. ೧೯೬೯ರಲ್ಲಿ ೩೫ನೆಯ ವಯಸ್ಸಿಗೇ ತೀರಿಕೊಂಡಿದ್ದರು.

ಮತ್ತೆ ಮಾತ್ರೆಯ ಪಟ್ಟಿಗೆ

ಈಗ ನಮ್ಮ ಬಂಧುಗಳ ಲೆಕ್ಕಕ್ಕೆ ಬರೋಣ. ಹಳೆಯ ಸೆಟಿರಿಜಿನ್ ಎಡ ಬಲಗಳೆರಡೂ ಸಮಸಮವಾಗಿ ಬೆರೆತದ್ದು. ೧೦ ಮಿಲಿಗ್ರಾಂನಲ್ಲಿ ತಲಾ ಐದು. ಮುಖ್ಯವಾಗಿ ಕೆಲಸ ಮಾಡುವುದು ಅದರ ಎಡದ ಪಾಲು. ಅದನ್ನು ಮಾತ್ರ ತೆಗೆದುಕೊಟ್ಟರೆ ಐದೇ ಸಾಕು. ಮೋಸವಿಲ್ಲ, ಔಷಧ ಅರ್ಧವೂ ಆಗಿಲ್ಲ.

ಆಸ್ಪತ್ರೆಯಲ್ಲಿ ತೂಗುಹಾಕುವ ‘ಡೆಕ್ಸ್‌ಟ್ರೋಸ್’ ಬಾಟಲಿಯ ಹೆಸರೂ ಹೀಗೆಯೇ. ಬೆಳಕನ್ನು ಬಲಕ್ಕೆ ತಿರುಗಿಸುವ ಸಕ್ಕರೆ ಎಂದು. ಕೆಮ್ಮಿನ ಔಷಧಗಳಲ್ಲಿರುವ ಡೆಕ್ಸ್‌ಟ್ರೋಮೆಥಾರ್ಫನ್ ಬಲದ್ದು. ಅದರ ಎಡ ಜೋಡಿ ಅಫೀಮಿನ ಗುಂಪಿಗೆ ಸೇರಿದ ಮಾದಕ ವಸ್ತು. ಕ್ಷಯರೋಗಕ್ಕೆ ಕೊಡುವ ಎಥಾಂಬ್ಯುಟಾಲ್‌ನಲ್ಲಿಯೂ ಒಂದು ರೂಪ ರೋಗಾಣುವನ್ನು ತಡೆಯುತ್ತದೆ. ಅದರ ಕನ್ನಡಿ ಬಿಂಬದಿಂದ ಆ ಕೆಲಸ ಬಹುಮಟ್ಟಿಗೆ ಆಗದು.

ಮುರಿಯ ವಿಷಯದಲ್ಲಿ ಲೋಕವನ್ನು ಎಚ್ಚರಿಸಿದ್ದು ಥ್ಯಾಲಿಡೋಮೈಡ್ ದುರಂತ. ಎರಡೂ ಮುರಿ ಬೆರೆತ ಈ ನಿದ್ದೆಯ ಔಷಧವು ೧೯೫೭ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು. ೧೯೬೧ರಲ್ಲಿ ಹಿಂತೆಗೆದುಕೊಳ್ಳುವ ಹೊತ್ತಿಗೆ ಅದನ್ನು ಸೇವಿಸಿದ ಗರ್ಭಿಣಿಯರಿಗೆ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಅಂಗಹೀನರಾಗಿ ಹುಟ್ಟಿದ್ದರು. ಒಂದೇ ಮುರಿಯನ್ನು ಕೊಟ್ಟಿದ್ದರೆ ಅನಾಹುತ ತಪ್ಪುತ್ತಿತ್ತು ಎಂದು ಕೆಲವರು ಬರೆಯುತ್ತಾರೆ, ಅದು ಸರಿಯಲ್ಲ. ಶರೀರದೊಳಗೆ ಅದರ ಎಡ ಬಲವಾಗಿಯೂ ಬಲ ಎಡವಾಗಿಯೂ ಬದಲಾಗುತ್ತದೆ. ಆದ್ದರಿಂದ ಸೀಸೆಯಲ್ಲಿ ಅಳೆದರೆ ಸಾಲದು. ಮೈಯೊಳಗೆ ಹೋದ ಮೇಲೆ ಏನಾಗುತ್ತದೆಂಬುದನ್ನೂ ನೋಡಬೇಕು. ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ೧೯೯೨ರಲ್ಲಿ ಹೊರಡಿಸಿದ ನೀತಿ, ಔಷಧದ ಎರಡು ಮುರಿಗಳನ್ನೂ ಬೇರೆ ಬೇರೆಯಾಗಿ ಪರಿಶೀಲಿಸಬೇಕೆಂದು ಹೇಳಿತು. ನಮ್ಮ ದೇಶದ ಅಧಿಕೃತ ಔಷಧ ಸಂಹಿತೆಯಲ್ಲಿಯೂ ಅನೇಕ ಔಷಧಗಳಿಗೆ ಬೆಳಕು ತಿರುಗುವ ಡಿಗ್ರಿಯ ಮಿತಿಯನ್ನು ಗೊತ್ತುಪಡಿಸಿದ್ದಾರೆ.

ವಾಚಕ ಬಂಧುಗಳಲ್ಲಿ ಎರಡು ಮಾತಿನ ಬಿನ್ನಹ. ‘ಲೀವೋ’ ಎಂದಿದ್ದರೆ ಅದು ಮೇಲು, ಇಲ್ಲದಿದ್ದರೆ ಕೀಳು ಎಂದು ತಿಳಿಯಬೇಡಿ. ಕೆಲವು ಔಷಧಗಳಲ್ಲಿ ಈ ವ್ಯತ್ಯಾಸ ಹೆಚ್ಚು, ಕೆಲವುಗಳಲ್ಲಿ ಅಲ್ಪ. ಪಟ್ಟಿಯ ಮೇಲಿನ ಹೆಸರಾಗಲಿ ಅಂಕಿಯಾಗಲಿ ಬದಲಾಗಿದ್ದರೆ, ನಿಮ್ಮಷ್ಟಕ್ಕೆ ನೀವೇ ಒಂದನ್ನು ಎರಡು ಮಾಡಿಕೊಳ್ಳಬೇಡಿ. ಬರೆದುಕೊಟ್ಟ ಡಾಕ್ಟರರನ್ನು ಕೇಳಿ. ಓದಲು ತೊಡಕಾದರೆ ಪಟ್ಟಿಯನ್ನು ಇಲ್ಲಿಗೆ ತನ್ನಿ. ನಾವು ಔಷಧ ಹೇಳುವವರಲ್ಲ. ಆದರೆ ಅದರ ಮೇಲಿನ ಅಕ್ಷರಗಳನ್ನು ಜೊತೆಗೆ ಕೂತು ಓದಿ ಹೇಳಬಲ್ಲೆವು. ವಾಚನಾಲಯ ಇರುವುದು ಅದಕ್ಕೇ ಅಲ್ಲವೆ?